ಫೋನ್ ನಿಮ್ಮದು, ಬೀಗದ ಕೈ ಯಾರದು?

ಇವತ್ತು ಒಂದೇ ಪ್ರಶ್ನೆ. ನೀವು ಈ ಎಪಿಸೋಡ್ ಕೇಳ್ತಿರೋ ಫೋನ್ ನಿಮ್ಮದಾ? ಬಿಲ್ ನಿಮ್ಮ ಹೆಸರಲ್ಲಿದೆ, ಇಎಂಐ ಕೂಡ ನೀವೇ ಕಟ್ಟಿರ್ತೀರಿ. ಆದರೆ ನಾನು ಓದಿದ್ದು ಕಾಮರ್ಸ್. ಅಲ್ಲಿ ಒಂದು ವಸ್ತುವನ್ನ ಆಸ್ತಿ ಅಂತ ಬರೆಯೋಕೆ ದುಡ್ಡು ಕೊಟ್ಟರಷ್ಟೇ ಸಾಲದು, ಅದರ ಮೇಲೆ ಹಿಡಿತ ಇರಬೇಕು. ಆ ಲೆಕ್ಕದಲ್ಲೇ ನೋಡೋಣ.

ಮೊದಲು ಮೊಳಕಾಲ್ಮುರಿಗೆ ಹೋಗೋಣ. ಜಿಐ ಟ್ಯಾಗ್ ಇರೋ ಅಲ್ಲಿನ ರೇಷ್ಮೆ ಸೀರೆ ನಿಮಗೆ ಗೊತ್ತು. ಇಂಥ ಸೀರೆ ನೇಯೋ ಮಗ್ಗಗಳ ಮೇಲ್ಗಡೆ ಜಕಾರ್ಡ್ ಅನ್ನೋ ಸಾಧನ ಕೂರಿಸ್ತಾರೆ. 1804ರ ಸುಮಾರಿಗೆ ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ ರೂಪಿಸಿದ್ದು. ಅದರಲ್ಲಿ ತೂತು ಹೊಡೆದ ರಟ್ಟಿನ ಕಾರ್ಡ್‌ಗಳ ಸರ ಇರುತ್ತೆ. ತೂತು ಇದ್ದ ಕಡೆ ಹಾಸಿನ ಎಳೆ ಮೇಲೇಳುತ್ತೆ, ಇಲ್ಲದ ಕಡೆ ಕೆಳಗೇ ಉಳಿಯುತ್ತೆ. ಒಂದು ಕಾರ್ಡ್ ಅಂದ್ರೆ ಹೊಕ್ಕಿನ ಒಂದು ಸಾಲು. ಕಂಪ್ಯೂಟರ್ ಭಾಷೆಯಲ್ಲಿ ಹೇಳಿದ್ರೆ, ಇದೇ ಪ್ರೋಗ್ರಾಂ.

ಈ ಪ್ರೋಗ್ರಾಂ ಕಣ್ಣಿಗೆ ಕಾಣುತ್ತೆ. ಕಾರ್ಡ್ ಹರಿದ್ರೆ ಇನ್ನೊಂದು ಹೊಡೆಸಬಹುದು. ಅಂಚಿನ ವಿನ್ಯಾಸ ಬದಲಿಸಬೇಕಾ, ಬದಲಿಸಬಹುದು. ಯಾವ ಕಂಪನಿಯನ್ನೂ ಕೇಳಬೇಕಿಲ್ಲ, ಪಾಸ್‌ವರ್ಡ್ ಬೇಕಿಲ್ಲ.

ಈಗ ಎಲೆಕ್ಟ್ರಾನಿಕ್ ಜಕಾರ್ಡ್ ಬಂದಿದೆ. ಕಾರ್ಡ್ ಬದಲು ಫೈಲ್, ಎಳೆ ಎತ್ತಿಸೋಕೆ ಒಂದು ಕಂಟ್ರೋಲರ್ ಬಾಕ್ಸ್. ಒಳ್ಳೇದೇ. ಕಾರ್ಡ್ ಹೊಡೆಸೋ ಖರ್ಚಿಲ್ಲ, ಡಿಸೈನ್ ಬೇಗ ಬದಲಾಗುತ್ತೆ. ಆದರೆ ಆ ಫೈಲು ಒಂದೇ ಕಂಪನಿಯ ಸಾಫ್ಟ್‌ವೇರ್‌ನಲ್ಲಿ ಮಾತ್ರ ತೆರೆಯೋ ಹಾಗಿದ್ರೆ? ನಾಳೆ ಆ ಕಂಪನಿ ಬಾಗಿಲು ಹಾಕಿದ್ರೆ? ಮಗ್ಗ ಗಟ್ಟಿಯಾಗಿದ್ರೂ ನೇಕಾರ ಕೈಕಟ್ಟಿ ಕೂರಬೇಕು. ತಾನೇ ಮಾಡಿದ ಡಿಸೈನ್ ತನಗೇ ಸಿಗಲ್ಲ.

ನಮ್ಮ ಫೋನ್ ಕೂಡ ಅಂಥದ್ದೇ ಬಾಕ್ಸ್. ಫೋನ್ ಆನ್ ಆದಾಗ ಮೊದಲು ಓಡೋ ಪ್ರೋಗ್ರಾಂಗಳಲ್ಲಿ ಬೂಟ್‌ಲೋಡರ್ ಒಂದು. ಯಾವ ಆಪರೇಟಿಂಗ್ ಸಿಸ್ಟಂ ಶುರುವಾಗಬೇಕು ಅಂತ ನೋಡೋದು ಅದು. ಕಂಪನಿ ಅಪ್‌ಡೇಟ್ ನಿಲ್ಲಿಸಿದ ಮೇಲೂ ಹಾರ್ಡ್‌ವೇರ್ ಚೆನ್ನಾಗೇ ಇರಬಹುದು. ಲಿನೇಜ್‌ಒಎಸ್ ಥರದ ತಂಡಗಳು ಎಷ್ಟೋ ಹಳೇ ಫೋನ್‌ಗಳಿಗೆ ಹೊಸ ಆಂಡ್ರಾಯ್ಡ್ ಮಾಡಿಕೊಡ್ತವೆ. ಆದರೆ ಬೂಟ್‌ಲೋಡರ್‌ಗೆ ಬೀಗ ಹಾಕಿದ್ದು, ತೆಗೆಯೋಕೆ ಕಂಪನಿ ಬಿಡದಿದ್ರೆ, ಅದನ್ನ ಹಾಕೋಕೆ ಆಗಲ್ಲ. ಬೀಗಕ್ಕೂ ಕಾರಣ ಇದೆ. ಕದ್ದ ಫೋನು, ಕಳ್ಳ ಸಾಫ್ಟ್‌ವೇರು, ಎರಡರಿಂದಲೂ ರಕ್ಷಣೆ ಬೇಕು. ಬೀಗ ಇರಲಿ, ಬೀಗದ ಕೈ ಮನೆ ಯಜಮಾನನ ಹತ್ರ ಇರಲಿ. ನನ್ನ ತಕರಾರು ಅಷ್ಟೇ.

ಇದು ಅತಿಯಾಸೆ ಅನ್ಸುತ್ತಾ? ಹಾಗಾದ್ರೆ ಪಕ್ಕದ ಚಳ್ಳಕೆರೆ ನೋಡಿ. ಅಲ್ಲಿ ಡಿಆರ್‌ಡಿಒದ ಏರೋನಾಟಿಕಲ್ ಟೆಸ್ಟ್ ರೇಂಜ್ ಇದೆ. 2023ರ ಏಪ್ರಿಲ್ 2ರಂದು ಇಸ್ರೋ ತನ್ನ ಮರುಬಳಕೆ ವಾಹನವನ್ನ ಹೆಲಿಕಾಪ್ಟರ್‌ನಿಂದ ಸುಮಾರು 4.5 ಕಿ.ಮೀ. ಎತ್ತರದಲ್ಲಿ ಬಿಟ್ಟಿತು. ಅದು ತಾನಾಗೇ ದಾರಿ ಹುಡುಕಿ ರನ್‌ವೇಗೆ ಇಳಿಯಿತು. ದಾರಿ ತೋರಿಸಿದ್ದರಲ್ಲಿ ನಮ್ಮದೇ ನಾವಿಕ್ ವ್ಯವಸ್ಥೆಯೂ ಇತ್ತು. ಜಿಪಿಎಸ್ ಇದ್ದರೂ ನಮ್ಮದೇ ಒಂದು ಯಾಕೆ? ಸ್ವಿಚ್ ಬೇರೆಯವರ ಕೈಲಿರಬಾರದು ಅಂತ. ಅದೇ ವರ್ಷ ರಕ್ಷಣಾ ಸಚಿವಾಲಯ ತನ್ನ ಕಂಪ್ಯೂಟರ್‌ಗಳಿಗೆ ಉಬುಂಟು ಆಧಾರಿತ ಮಾಯಾ ಓಎಸ್ ಆರಿಸಿಕೊಂಡಿತು. ದೇಶ ಕೇಳೋ ಹಿಡಿತವನ್ನ ನೇಕಾರ ಕೇಳಿದ್ರೆ, ನೀವು ಕೇಳಿದ್ರೆ, ತಪ್ಪೇನು?

1983ರಲ್ಲಿ ಗ್ನೂ ಯೋಜನೆ ಘೋಷಿಸಿದ ರಿಚರ್ಡ್ ಸ್ಟಾಲ್‌ಮನ್ ಹೋರಾಟವೂ ಇದಕ್ಕೇ. ಸಾಫ್ಟ್‌ವೇರನ್ನ ಬೇಕಾದ ಹಾಗೆ ಬಳಸೋ, ಓದಿ ತಿದ್ದೋ, ಹಂಚೋ, ತಿದ್ದಿದ್ದನ್ನೂ ಹಂಚೋ ಸ್ವಾತಂತ್ರ್ಯ. ಫ್ರೀ ಸಾಫ್ಟ್‌ವೇರ್ ಅಂದ್ರೆ ಬಿಟ್ಟಿ ಸಾಫ್ಟ್‌ವೇರ್ ಅಲ್ಲ, ಸ್ವತಂತ್ರ ಸಾಫ್ಟ್‌ವೇರ್.

ಈಗ ಮಾಡೋ ಕೆಲಸ. ಫೋನ್ ತಗೊಳ್ಳೋ ಮುಂಚೆ ಮೂರು ವಿಷಯ ವಿಚಾರಿಸಿ. ಎಷ್ಟು ವರ್ಷ ಅಪ್‌ಡೇಟ್ ಕೊಡ್ತಾರೆ? ಬೂಟ್‌ಲೋಡರ್ ತೆರೆಯೋಕೆ ಕಂಪನಿ ಅಧಿಕೃತವಾಗಿ ಬಿಡುತ್ತಾ? ಡಿಸ್‌ಪ್ಲೇ, ಬ್ಯಾಟರಿ ಹೊರಗಿನ ಅಂಗಡೀಲಿ ಬದಲಿಸಿದ್ರೂ ಸರಿಯಾಗಿ ಕೆಲಸ ಮಾಡ್ತವಾ? ರಿಪೇರಿ ಮಾಹಿತಿಗೆ ಕೇಂದ್ರ ಸರ್ಕಾರದ ರೈಟ್ ಟು ರಿಪೇರ್ ಪೋರ್ಟಲ್ 2022ರ ಡಿಸೆಂಬರ್‌ನಿಂದ ಇದೆ, ನೋಡಿ. ಒಂದು ಎಚ್ಚರಿಕೆ: ಬೂಟ್‌ಲೋಡರ್ ತೆರೆದ್ರೆ ಸಾಮಾನ್ಯವಾಗಿ ಫೋನ್‌ನಲ್ಲಿರೋದೆಲ್ಲ ಅಳಿಸಿಹೋಗುತ್ತೆ, ಯುಪಿಐ ಆ್ಯಪ್ ಕೈಕೊಡಬಹುದು. ಕಲಿಯೋದಾದ್ರೆ ಮೂಲೇಲಿ ಬಿದ್ದಿರೋ ಹಳೇ ಫೋನ್‌ನಲ್ಲಿ ಕಲೀರಿ.

ಮಗ್ಗಕ್ಕೆ ಹೊಸ ಬಾಕ್ಸ್ ಹಾಕಿಸೋ ಮನೆಯವರು ಕೊಟೇಶನ್‌ನಲ್ಲೇ ಒಂದು ಸಾಲು ಬರೆಸಿಕೊಳ್ಳಿ: ನಮ್ಮ ಡಿಸೈನ್ ಎಲ್ಲ ಕಡೆ ತೆರೆಯೋ ಇಮೇಜ್ ಫೈಲ್ ಆಗಿ ನಮಗೆ ಸಿಗಬೇಕು. ಮಾರೋನು ಒಪ್ಪದಿದ್ರೆ ಇನ್ನೊಬ್ಬನ ಹತ್ರ ವಿಚಾರಿಸಿ. ಅಡ್ವಾನ್ಸ್ ಕೊಡೋ ತನಕ ಮಾತು ನಿಮ್ಮ ಕೈಲಿರುತ್ತೆ.