ಸುಟ್ಟು ತೂಗುವ ವಿದ್ಯೆ

ಒಂದು ಚಿಟಿಕೆ ಸಕ್ಕರೆಯನ್ನು ಒಣಗಿದ ಗಾಜಿನ ನಳಿಕೆಯಲ್ಲಿ ಹಾಕಿ ಕಾಯಿಸೋಣ. ಮೊದಲು ಸಕ್ಕರೆ ಕರಗಿ ಕಂದುಬಣ್ಣಕ್ಕೆ ತಿರುಗುತ್ತದೆ. ಬಳಿಕ ನಳಿಕೆಯ ತಣ್ಣನೆಯ ಬಾಯಿಯ ಬಳಿ ನೀರಿನ ಹನಿಗಳು ಕಟ್ಟುತ್ತವೆ. ಕಡೆಗೆ ತಳದಲ್ಲಿ ಕರಿಯ ಇದ್ದಲು ಉಳಿಯುತ್ತದೆ. ಬಿಳಿಯ ಸಕ್ಕರೆಯೊಳಗೆ ಇದ್ದಲಿನ ಅಂಶವೂ ನೀರಿನ ಅಂಶಗಳೂ ಅಡಗಿದ್ದುವೆಂಬುದು ಇದರಿಂದ ವ್ಯಕ್ತವಾಯಿತು. ಆದರೆ ಯಾವುದು ಎಷ್ಟು ಅಡಗಿತ್ತು? ಈ ಪ್ರಶ್ನೆಗೆ ಉತ್ತರ ಕಂಡ ಬಗೆಯನ್ನೂ, ಆ ಉತ್ತರವನ್ನು ನಂಬುವುದರಲ್ಲಿ ಇರಬೇಕಾದ ಎಚ್ಚರವನ್ನೂ ಈ ಹೊತ್ತು ನಾವು ಅರಿಕೆಮಾಡಬಯಸುತ್ತೇವೆ.

ಮೊದಲು ಗುರುತು ಹಿಡಿಯುವ ಬಗೆ. ಇಂಗಾಲದ ಸಂಯುಕ್ತಗಳಲ್ಲಿ ಜಲಜನಕ, ಆಮ್ಲಜನಕಗಳಲ್ಲದೆ ಸಾರಜನಕ, ಗಂಧಕ, ಕ್ಲೋರಿನ್ ಮುಂತಾದುವೂ ಇರಬಹುದು. ಇವು ಇಂಗಾಲಕ್ಕೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಸಾಮಾನ್ಯ ಪರೀಕ್ಷೆಗಳಿಗೆ ಸುಲಭವಾಗಿ ಓಗೊಡುವುದಿಲ್ಲ. ಆದಕಾರಣ ವಸ್ತುವನ್ನು ಸೋಡಿಯಂ ಲೋಹದ ಸಣ್ಣ ತುಣುಕಿನೊಡನೆ ಕೆಂಪಗೆ ಕಾಯಿಸಿ, ನಳಿಕೆಯನ್ನು ಶುದ್ಧಜಲದಲ್ಲಿ ಮುಳುಗಿಸಿ ಒಡೆದು, ಕುದಿಸಿ, ಸೋಸುತ್ತೇವೆ. ಆ ತಿಳಿಗೆ ಅನ್ನಭೇದಿಯನ್ನು ಹಾಕಿ ಕುದಿಸಿ ಗಂಧಕಾಮ್ಲವನ್ನು ಬೆರೆಸಿದಾಗ ಗಾಢವಾದ ನೀಲಿ ಬಂದರೆ ಸಾರಜನಕವಿದೆ. ಇನ್ನೊಂದು ಭಾಗಕ್ಕೆ ಸೋಡಿಯಂ ನೈಟ್ರೋಪ್ರಸೈಡನ್ನು ಹಾಕಿದಾಗ ನೇರಳೆ ಬಣ್ಣ ಕಂಡರೆ ಗಂಧಕವಿದೆ. ಫ್ರೆಂಚ್ ವಿದ್ವಾಂಸನಾದ ಲಾಸೇನನ ಹೆಸರಿನ ಈ ಪರೀಕ್ಷೆಯನ್ನು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಬಲ್ಲರು. ಮೊದಲ ಸಲ ಆ ನೀಲಿಯನ್ನು ಕಂಡಾಗ ಅವರ ಮುಖದಲ್ಲಿ ಮೂಡುವ ಬೆರಗನ್ನು ನಾವೂ ಬಲ್ಲೆವು.

ಇನ್ನು ಅಳೆಯುವ ಬಗೆ. ಜರ್ಮನಿಯ ಗೀಸೆನ್ ನಗರದಲ್ಲಿ ಲೀಬಿಗ್ ಪಂಡಿತನು 1831ರಲ್ಲಿ ಇದನ್ನು ಸುಗಮಗೊಳಿಸಿದನು. ತೂಗಿದ ವಸ್ತುವನ್ನು ತಾಮ್ರದ ಆಕ್ಸೈಡಿನೊಡನೆ ಸುಟ್ಟರೆ ಅದರ ಜಲಜನಕವೆಲ್ಲ ನೀರಾವಿಯಾಗಿಯೂ, ಇಂಗಾಲವೆಲ್ಲ ಇಂಗಾಲಾಮ್ಲವಾಯುವಾಗಿಯೂ ಹೊರಡುತ್ತವೆ. ನೀರನ್ನು ಕ್ಯಾಲ್ಸಿಯಂ ಕ್ಲೋರೈಡು ಹೀರುತ್ತದೆ. ವಾಯುವನ್ನು ಐದು ಗಾಜಿನ ಬುರುಡೆಗಳಲ್ಲಿ ತುಂಬಿದ ಪೊಟ್ಯಾಷ್ ದ್ರಾವಣ ಹೀರುತ್ತದೆ. ಎರಡರ ತೂಕವೂ ಎಷ್ಟೆಷ್ಟು ಹೆಚ್ಚಿತೆಂದು ನೋಡಿದರೆ ಉಳಿದುದು ಲೆಕ್ಕ ಮಾತ್ರ: 44 ಭಾಗ ಇಂಗಾಲಾಮ್ಲವಾಯುವಿನಲ್ಲಿ 12 ಭಾಗ ಇಂಗಾಲ, 18 ಭಾಗ ನೀರಿನಲ್ಲಿ 2 ಭಾಗ ಜಲಜನಕ. ಮುಂದೆ ಆಸ್ಟ್ರಿಯದ ಪ್ರೆಗ್ಲನು ಕೆಲವೇ ಮಿಲಿಗ್ರಾಂ ವಸ್ತುವಿನಿಂದ ಇದೇ ಕೆಲಸವನ್ನು ಸಾಧಿಸಿ, 1923ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು.

ಸಾರಜನಕಕ್ಕೆ ಬೇರೊಂದು ದಾರಿಯುಂಟು. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಕೆಲ್ಡಾಲನು 1883ರಲ್ಲಿ ಇದನ್ನು ಪ್ರಕಟಿಸಿದನು. ಮದ್ಯ ತಯಾರಿಸುವವರಿಗೆ ಧಾನ್ಯದ ಪ್ರೋಟೀನನ್ನು ಅಳೆಯುವುದು ಬೇಕಾಗಿದ್ದಿತು. ವಸ್ತುವನ್ನು ಪ್ರಬಲ ಗಂಧಕಾಮ್ಲದಲ್ಲಿ ಕುದಿಸಿದರೆ ಸಾರಜನಕವು ಅಮೋನಿಯದ ಲವಣವಾಗುತ್ತದೆ. ಕ್ಷಾರವನ್ನು ಸೇರಿಸಿ ಅಮೋನಿಯವನ್ನು ಬಟ್ಟಿಯಿಳಿಸಿ, ಅಳೆದ ಆಮ್ಲದಲ್ಲಿ ಹಿಡಿಯಬಹುದು. ಪ್ರೋಟೀನಿನಲ್ಲಿ ಸಾರಜನಕ ನೂರಕ್ಕೆ ಸುಮಾರು 16 ಭಾಗ. ಆದ್ದರಿಂದ ಸಿಕ್ಕಿದ ಸಾರಜನಕವನ್ನು 6.25ರಿಂದ ಗುಣಿಸಿ ಪ್ರೋಟೀನು ಇಷ್ಟೆನ್ನುವುದು ವಾಡಿಕೆ, ಹಾಲಿಗೆ 6.38ರಿಂದ ಗುಣಿಸುವರು.

ಇಲ್ಲಿಯೇ ನಾವು ಹೇಳಬೇಕೆಂದಿದ್ದ ಎಚ್ಚರಿಕೆ. ಗ್ಲೂಕೋಸನ್ನೂ ವಿನಿಗರಿನ ಹುಳಿಯಾದ ಅಸಿಟಿಕ್ ಆಮ್ಲವನ್ನೂ ಸುಟ್ಟು ತೂಗಿದರೆ ಎರಡರಲ್ಲಿಯೂ ಇಂಗಾಲ ನೂರಕ್ಕೆ 40 ಭಾಗವೇ; ಜಲಜನಕವೂ ಆಮ್ಲಜನಕವೂ ಸರಿಸಮ. ಒಂದು ಸಿಹಿ, ಒಂದು ಹುಳಿ. ತಕ್ಕಡಿ ಮೂಲವಸ್ತುಗಳ ಪ್ರಮಾಣವನ್ನು ಹೇಳಿತೇ ಹೊರತು ಅವು ಹೆಣೆದುಕೊಂಡ ರೀತಿಯನ್ನು ಹೇಳಲಿಲ್ಲ.

ಈ ಭೇದವನ್ನು ಮರೆತರೆ ಏನಾದೀತೆಂಬುದು 2008ರಲ್ಲಿ ಚೀನಾದೇಶದಲ್ಲಿ ಬಯಲಾಯಿತು. ನೀರು ಬೆರೆಸಿದ ಹಾಲಿನಲ್ಲಿ ಪ್ರೋಟೀನು ಕಡಮೆಯಾದುದನ್ನು ಮರೆಮಾಚಲು ಮೆಲಮಿನ್ ಎಂಬ ವಸ್ತುವನ್ನು ಸೇರಿಸಿದರು. ಅದು ಪ್ರೋಟೀನೇ ಅಲ್ಲ. ಆದರೆ ಅದರ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಸಾರಜನಕ. ಕೆಲ್ಡಾಲನ ವಿಧಾನ ಸಾರಜನಕವನ್ನು ಮಾತ್ರ ಎಣಿಸುವುದರಿಂದ ಕಳಪೆ ಹಾಲು ಪರೀಕ್ಷೆಯಲ್ಲಿ ಉತ್ತಮವಾಗಿ ಕಂಡಿತು. ಅಂತಹ ಹಾಲಿನ ಪುಡಿಯನ್ನು ಕುಡಿದ ಕೂಸುಗಳ ಮೂತ್ರಪಿಂಡಗಳಲ್ಲಿ ಕಲ್ಲುಗಳು ಕಟ್ಟಿದುವು. ಮೂರು ಲಕ್ಷದಷ್ಟು ಮಕ್ಕಳು ಅಸ್ವಸ್ಥರಾದರು; ಆರು ಶಿಶುಗಳು ತೀರಿಕೊಂಡುವು.

ಪರೀಕ್ಷೆ ತಪ್ಪಲಿಲ್ಲ, ಮಹನೀಯರೆ. ಸಾರಜನಕವೆಷ್ಟೆಂದು ಕೇಳಿದರು, ಅದನ್ನು ಸರಿಯಾಗಿಯೇ ಹೇಳಿತು. ಆ ಸಾರಜನಕ ಯಾವ ವಸ್ತುವಿನದೆಂದು ಕೇಳಲು ಬೇರೆ ಪರೀಕ್ಷೆಗಳಿದ್ದುವು. ಅವನ್ನು ಮೊದಲೇ ಮಾಡಲಿಲ್ಲ. ಅಂಕಿಯನ್ನು ಬರೆದುಕೊಳ್ಳುವ ಮುನ್ನ ಇದು ಯಾವ ಪ್ರಶ್ನೆಗೆ ಬಂದ ಉತ್ತರವೆಂದು ವಿಚಾರಿಸಿಕೊಳ್ಳಿರೆಂದು ನಮ್ಮ ವಿದ್ಯಾರ್ಥಿಗಳಿಗೆ ನಾವು ಹೇಳುತ್ತಿರುತ್ತೇವೆ. ಹಾಲನ್ನು ಕೊಳ್ಳುವ ಗೃಹಸ್ಥರಿಗೂ ಆ ಮಾತು ಸಲ್ಲುತ್ತದೆ.