ಕುದುರೆ ಏರಿದ ಕಮೀಷನರು
(ಹರವೆಯ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಸಭೆ ಕೂಡುವ ಮೊದಲು ಇಲ್ಲಿನ ತರುಣರೊಬ್ಬರು ನಮ್ಮನ್ನು ಕೇಳಿದರು: "ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಬಿಳಿಯರ ಬೊಂಬೆಗಳನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದಾರೆ? ಕಿತ್ತು ಬಿಸಾಡಬಾರದೆ?" ನಾವು ರಾಗಿ ಖರೀದಿಯ ವಿಷಯ ಮಾತನಾಡಲು ಬಂದವರು. ಆದರೂ ಈ ಪ್ರಶ್ನೆಯನ್ನು ತಳ್ಳಿಹಾಕಲಾರೆವು. ಇದರಲ್ಲಿ ನಮ್ಮದೂ ಒಂದು ತಪ್ಪಿದೆ.

ಮೇಷ್ಟರ ಕೆಲಸದಲ್ಲಿದ್ದಾಗ ನಾವು ಮಕ್ಕಳನ್ನು ಬೆಂಗಳೂರಿಗೆ ಪ್ರವಾಸ ಕರೆದುಕೊಂಡು ಹೋಗಿದ್ದೆವು. ಕಬ್ಬನ್ನನ ಕಂಚಿನ ಪ್ರತಿಮೆ ಆಗ ಅಠಾರಾ ಕಚೇರಿಯ, ಎಂದರೆ ಹೈಕೋರ್ಟಿನ, ಮುಂದೆ ಇತ್ತು. ಒಬ್ಬ ಹುಡುಗ ಬೆರಳು ತೋರಿಸಿ, "ಕುದ್ರೆ ಮೇಲಿರೋ ಆ ರಾಜ ಯಾರು ಸಾ?" ಎಂದ. "ರಾಜನಲ್ಲ ಕಣೋ, ಕಮೀಷನರು. ಒಳ್ಳೆಯ ಆಡಳಿತಗಾರ, ಬರೆದುಕೊ" ಎಂದೆವು. ಹುಡುಗ ಬರೆದುಕೊಂಡ. ಆ ಕಮೀಷನರು ಯಾಕೆ ಬಂದನೆಂದು ನಾವು ಹೇಳಲಿಲ್ಲ. ನಮಗೇ ಗೊತ್ತಿರಲಿಲ್ಲ.

ಅದನ್ನು ಈಗ ಹೇಳುತ್ತೇವೆ. ಅರಿಕುಠಾರಕ್ಕೆ 1818ರಲ್ಲಿ ತಮ್ಮ ತಂದೆಯ ನೆನಪಿಗೆ ಚಾಮರಾಜನಗರವೆಂದು ಹೆಸರಿಟ್ಟ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲ. ಕಂದಾಯ ವಸೂಲಿಯನ್ನು ಶರತ್ತಿನ ಮೇಲೆ ಅಮಲ್ದಾರರಿಗೆ ಒಪ್ಪಿಸುತ್ತಿದ್ದರು. ಇಷ್ಟು ಹಣ ಕಟ್ಟಿಯೇ ತೀರುತ್ತೇನೆಂದು ಮುಚ್ಚಳಿಕೆ ಬರೆದುಕೊಟ್ಟವನು ರೈತನನ್ನು ಹಿಂಡದೆ ಬಿಟ್ಟಾನೆಯೆ? 1830ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿದರು, ಕಂದಾಯ ಕೊಡುವುದಿಲ್ಲವೆಂದರು. ದಂಡು ಬಂತು, ದಂಗೆ ಅಡಗಿತು. ಅದನ್ನೇ ನೆಪ ಮಾಡಿಕೊಂಡು ಬೆಂಟಿಂಕ್ 1831ರಲ್ಲಿ ಒಡೆಯರ ಕೈಯಿಂದ ರಾಜ್ಯವನ್ನು ಕಿತ್ತುಕೊಂಡ. ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಕಮೀಷನರಾಗಿ ಆಳಿದ. ಊರಿಗೆ ಮರಳುವ ದಾರಿಯಲ್ಲಿ ಸೂಯೆಜ್‌ನಲ್ಲಿ ಸತ್ತ.

ಅವನ ಕಾಲದಲ್ಲಿ ನೂರಾರು ಸಣ್ಣಪುಟ್ಟ ತೆರಿಗೆಗಳು ಹೋದವೆಂಬುದು ನಿಜ. ಅದನ್ನು ಮುಚ್ಚಿಡುವುದು ಸಮಾಜವಾದಿಗಳಿಗೆ ಒಪ್ಪುವ ಕೆಲಸವಲ್ಲ. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ಕೂಸಿನ ತಲೆ ಬೋಳಿಸಿದರೂ ತೆರಿಗೆ! ಆದರೆ ಇವು ಹೋದದ್ದು ಸಾಹೇಬನ ಕರುಣೆಯಿಂದ ಮಾತ್ರವೆ? ಪ್ರಾಣದ ಹಂಗು ತೊರೆದು ಕೂಟ ಕಟ್ಟಿದವರ ಪಾಲು ಅದರಲ್ಲಿ ಏನೂ ಇಲ್ಲವೆ?

ಪ್ರತಿಮೆ ಮಾಡಿದವನು ಮರೊಕೆಟ್ಟಿ ಎಂಬ ಇಟಲಿ ಮೂಲದ ಶಿಲ್ಪಿ. ಕೈ ಚಳಕದವನೇ, ಲಂಡನ್ನಿನ ಪಾರ್ಲಿಮೆಂಟಿನ ಹೊರಗೆ ಖಡ್ಗ ಎತ್ತಿ ಕುದುರೆ ಏರಿರುವ ರಿಚರ್ಡ್ ದೊರೆಯೂ ಅವನದೇ ಕೆಲಸ. 1857ರ ದಂಗೆಯಲ್ಲಿ ಸತ್ತ ಆಂಗ್ಲರಿಗಾಗಿ ಕಾನ್ಪುರದ ಬಾವಿಯ ಮೇಲೆ ನಿಲ್ಲಿಸಿದ ದೇವದೂತೆಯನ್ನೂ ಅವನೇ ಕಡೆದ. ಸ್ವಾತಂತ್ರ್ಯ ಬಂದ ಮೇಲೆ ಆ ದೇವದೂತೆಯನ್ನು ಚರ್ಚಿನ ಆವರಣಕ್ಕೆ ಸಾಗಿಸಿದರು, ತೋಟ ನಾನಾರಾವ್ ಪಾರ್ಕ್ ಆಯಿತು. ನಮ್ಮ ಕಬ್ಬನ್ನನೂ ನಿಂತಲ್ಲಿ ನಿಂತವನಲ್ಲ. 1866ರಲ್ಲಿ ದಂಡಿನ ಪೆರೇಡ್ ಮೈದಾನದಲ್ಲಿ ನಿಂತ, ಆಮೇಲೆ ಅಠಾರಾ ಕಚೇರಿಯ ಮುಂದೆ ಬಂದ, 2020ರ ಜೂನ್‌ನಲ್ಲಿ ಪಾರ್ಕಿನೊಳಗೆ ಬ್ಯಾಂಡ್ ಸ್ಟ್ಯಾಂಡಿನ ಹತ್ತಿರ ಇಳಿದ. ಮೊದಲು ದಂಡು, ಆಮೇಲೆ ಕಚೇರಿ, ಈಗ ಹೂದೋಟ. ಅಧಿಕಾರದ ಗುರುತಾಗಿದ್ದದ್ದು ತೋಟದ ಅಲಂಕಾರವಾಗಿದೆ. (ಆ ತೋಟಕ್ಕೆ 1927ರಿಂದ ಚಾಮರಾಜೇಂದ್ರ ಪಾರ್ಕ್ ಎಂದು ಹೆಸರು. ಆ ಚಾಮರಾಜೇಂದ್ರರು ಬೇರೆ, ನಮ್ಮ ಪಟ್ಟಣದ ಚಾಮರಾಜರು ಬೇರೆ. ಜನರ ಬಾಯಲ್ಲಿ ಮಾತ್ರ ಕಬ್ಬನ್ನೇ ಉಳಿದ.)

1957ರಲ್ಲಿ ಉತ್ತರ ಪ್ರದೇಶದ ಸಮಾಜವಾದಿಗಳು ಆಂಗ್ಲರ ಪ್ರತಿಮೆಗಳನ್ನು ತೆಗೆಸಲು ಚಳವಳಿ ಹೂಡಿದರು. ಅವರು ಮಾಡಿದ್ದು ಆ ಹೊತ್ತಿಗೆ ಸರಿ. ಆದರೆ ಇವತ್ತು ಕಬ್ಬನ್ನನನ್ನು ಕೆಡವಿದರೆ ನಗರದ ರೈತನ ಹೆಸರು ತಾನಾಗಿ ಮೇಲೆ ಬರುತ್ತದೆಯೆ? ಪೀಠ ಬರಿದಾಗುತ್ತದೆ, ಅಷ್ಟೆ. ಅದೇ ಮಲೆನಾಡಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು, ಲೋಹಿಯಾ ಬಂದು ಸೆರೆಯಾದರು. ಅದಕ್ಕೂ 120 ವರ್ಷ ಮೊದಲು ಅತ್ತಲೇ ಸೇರಿದ ಕೂಟದ ಕಥೆಯನ್ನು ನಮ್ಮ ಶಾಲೆಗಳಲ್ಲಿ ಎಷ್ಟು ಮೇಷ್ಟರು ಹೇಳುತ್ತಾರೆ? ನಾವೇ ಹೇಳಲಿಲ್ಲವಲ್ಲ!

ಆದ್ದರಿಂದ ನಾವು ಕೇಳುವುದು ಇಷ್ಟು. ಆ ಕುದುರೆಯ ಪಕ್ಕದಲ್ಲಿ ನಗರದ ರೈತರು ಯಾಕೆ ದಂಗೆ ಎದ್ದರು, ಈತ ಯಾಕೆ ಬಂದ, ಏನು ತೆಗೆದ, ಏನು ಉಳಿಸಿದ ಎಂಬುದನ್ನು ಮಗುವೂ ಓದುವಂತೆ ಕನ್ನಡದಲ್ಲಿ ಕಲ್ಲಿನ ಮೇಲೆ ಕೆತ್ತಿಸಿ ನಿಲ್ಲಿಸಬೇಕು. ಕಲ್ಲಿಗೇನು ಬರವಿಲ್ಲ. ನಮ್ಮ ಜಿಲ್ಲೆಯ ಕರಿಕಲ್ಲು ಕಡಲು ದಾಟಿ ಯಾರ ಯಾರದೋ ಗೋರಿಗೆ ಹೋಗುತ್ತದೆ. ಒಂದು ಚಪ್ಪಡಿ ಬೆಂಗಳೂರಿಗೂ ಹೋಗಲಿ.

ತೋಟಗಾರಿಕೆ ಇಲಾಖೆಗೆ ಬರೆದ ಅರ್ಜಿ ಈ ಮೇಜಿನ ಮೇಲಿದೆ. ಪ್ರಶ್ನೆ ಕೇಳಿದ ತರುಣರೇ ಮೊದಲ ಸಹಿ ಹಾಕಲಿ. ಈಗ ರಾಗಿಯ ವಿಷಯಕ್ಕೆ ಬರೋಣ.