ಕಳೆಯ ಗುರುತು



ನಮ್ಮ ನುಡಿಯಲ್ಲಿ ‘ಕಳೆ’ಯೆಂದರೆ ಕಾಂತಿ, ‘ಕಳೆ’ಯೆಂದರೆ ತೆಗೆದುಹಾಕು, ‘ಕಳೆ’ಯೆಂದರೆ ಬೆಳೆಯ ನಡುವಣ ಬೇಡದ ಹುಲ್ಲು. ಮೊದಲನೆಯದು ಮಾತ್ರ ಸಂಸ್ಕೃತದ ‘ಕಲಾ’ದಿಂದ ಬಂದುದು. ಈ ಶ್ಲೇಷೆಯನ್ನು ಮೂವತ್ತು ವರ್ಷ ತರಗತಿಯಲ್ಲಿ ವಿವರಿಸಿದ ನನಗೆ ಗದ್ದೆಯ ಕಳೆಯ ಗುರುತು ತಿಳಿದಿರಲಿಲ್ಲ.

2021ರಲ್ಲಿ ಉಡುಪಿಯ ಸುತ್ತಮುತ್ತ ಹಡಿಲು ಬಿದ್ದ ಗದ್ದೆಗಳಲ್ಲಿ ಮರಳಿ ನಾಟಿ ನಡೆದಾಗ, ಕಲ್ಯಾಣಪುರದ ಬಯಲಿನಲ್ಲಿ ನಾನೂ ಪಂಚೆಯನ್ನು ಎತ್ತಿಕಟ್ಟಿ ಕಳೆಗೆ ಇಳಿದೆ. ನಾನು ಕಿತ್ತ ಹಿಡಿಯನ್ನು ನೋಡಿ ಪಕ್ಕದ ಮುದುಕಿಯೊಬ್ಬರು, “ಇದರಲ್ಲಿ ಅರ್ಧ ಅನ್ನವೇ ಉಂಟಲ್ಲ, ಮಾಷ್ಟ್ರೇ!” ಎಂದರು.

ಭತ್ತದ ವೇಷ ತೊಡುವ ಹುಲ್ಲೊಂದಿದೆ. ಸಸ್ಯಶಾಸ್ತ್ರದಲ್ಲಿ ಅದು ಎಕಿನೊಕ್ಲೋವ. ತೆನೆ ಹೊರಡುವವರೆಗೆ ನಮ್ಮಂಥವರ ಕಣ್ಣಿಗೆ ಅದೂ ಪೈರೇ. ಆಕೆ ಗರಿಯೊಂದನ್ನು ಬಾಗಿಸಿ, ಅದು ದಂಟನ್ನು ಅಗಲುವ ಸಂದನ್ನು ತೋರಿಸಿದರು. ಭತ್ತಕ್ಕೆ ಅಲ್ಲಿ ನಾಲಗೆಯಂಥ ತೆಳುವಾದ ಬಿಳಿಯ ಪೊರೆ, ಇಕ್ಕೆಲದಲ್ಲಿ ರೋಮವುಳ್ಳ ಪುಟ್ಟ ಕಿವಿಗಳು. ಕಳ್ಳಹುಲ್ಲಿನ ಸಂದು ಬರಿದು. ಸೂಕ್ಷ್ಮವೆಂದರೆ ಇದು! ಹಳಗನ್ನಡದ ಪಾಠಾಂತರಗಳನ್ನು ಗುರುತಿಸುವಾಗಲೂ ನಾನು ಇಷ್ಟು ಬಾಗಿದವನಲ್ಲ.

ಜೇಕಿನ ಜಾತಿಗೆ ಕಣ್ಣು ಬೇಡ. ಹೂದಂಟನ್ನು ಬೆರಳುಗಳ ನಡುವೆ ಹೊರಳಿಸಿದರೆ ಮೂರು ಏಣುಗಳು ತಾಗುತ್ತವೆ. ಕೊನ್ನಾರಿಯೂ ಅದೇ ಕುಲದ್ದು. ಮೇಲೆ ಹೆರೆದರೆ ಸಾಯದು, ಮಣ್ಣಿನೊಳಗಣ ಗಡ್ಡೆಯಿಂದ ಮತ್ತೆ ಚಿಗುರುತ್ತದೆ.

“ಇದನ್ನು ಮನೆಯ ಮಕ್ಕಳಿಗೆ ಹೇಳಿಕೊಟ್ಟಿದ್ದೀರಾ?” ಎಂದು ಕೇಳಿದೆ. “ಅವರು ಗದ್ದೆಗೆ ಇಳಿಯಬೇಕಲ್ಲ” ಎಂದರು.

ಮರುವರ್ಷ ಆಕೆ ಬರಲಿಲ್ಲ, ಮೊಣಕಾಲು ಕೈಕೊಟ್ಟಿತ್ತಂತೆ. ಹೊಸ ಹುಡುಗರಿಗೆ ಗರಿಯನ್ನು ಬಾಗಿಸಿ ತೋರಿಸುವ ಕೆಲಸ ನನ್ನ ಪಾಲಿಗೆ ಬಂತು. ಎರಡು ಬಾರಿ ತಪ್ಪಿದೆ.